ದ್ರಾಕ್ಷಿಗೆ ಎಲೆಯೇ ಕೊಡೆ
(ಬಾನುಲಿ ಭಾಷಣ)

ಕೆಲವು ವರ್ಷಗಳ ಹಿಂದೆ, ಮಾರ್ಚ್ ತಿಂಗಳ ಒಂದು ಸಾಯಂಕಾಲ, ದೊಡ್ಡಬಳ್ಳಾಪುರದ ಆಚೆ ನಂದಿಬೆಟ್ಟದ ತಪ್ಪಲಿನಲ್ಲಿರುವ ನನ್ನ ಮಿತ್ರರೊಬ್ಬರ ದ್ರಾಕ್ಷಿತೋಟಕ್ಕೆ ಹೋಗಿದ್ದೆ. ನಾಲ್ಕು ಎಕರೆಯ ತೋಟ. ತಿನ್ನುವ ದ್ರಾಕ್ಷಿಯಲ್ಲ, ವೈನ್ ತಯಾರಿಕೆಗೆಂದೇ ಬೆಳೆಸಿದ ಕಪ್ಪು ತಳಿ. ತಂತಿಗಳ ಆಸರೆಯಲ್ಲಿ ಬಳ್ಳಿಗಳು ಉತ್ತರ ದಕ್ಷಿಣವಾಗಿ ಸಾಲುಗಟ್ಟಿ ನಿಂತಿದ್ದವು. ಸಾಲಿನ ಪೂರ್ವದ ಮಗ್ಗುಲಲ್ಲಿ ನಡೆದುಹೋದಾಗ ಕಂಡದ್ದು ಕಣ್ಣಿಗೆ ಹಬ್ಬ: ತೆಳುವಾದ ಬಿಳಿಯ ಪುಡಿ ಹೊದ್ದು, ತುಂಬಿ ನಿಂತ ಕಪ್ಪು ಗೊಂಚಲುಗಳು. ಸಾಲಿನ ತುದಿಯಲ್ಲಿ ತಿರುಗಿ ಅದೇ ಸಾಲಿನ ಪಶ್ಚಿಮದ ಮಗ್ಗುಲಿಗೆ ಬಂದರೆ ಬೇರೊಬ್ಬರ ತೋಟವನ್ನು ಹೊಕ್ಕಂತಾಯಿತು. ಗೊಂಚಲುಗಳ ಹೊರಮೈ ಕಂದಿ, ಸುಕ್ಕುಗಟ್ಟಿ, ಅಂಗಡಿಯಲ್ಲಿ ಉಳಿದುಹೋದ ಒಣದ್ರಾಕ್ಷಿಯಂತಿತ್ತು. ಗೊಂಚಲನ್ನು ಹೊರಳಿಸಿ ನೋಡಿದರೆ ಒಳಮೈಯ ಹಣ್ಣು ಮಾತ್ರ ಚೆನ್ನಾಗಿಯೇ ಇತ್ತು. ಒಂದೇ ಬಳ್ಳಿ, ಒಂದೇ ನೀರು, ಒಂದೇ ಗೊಬ್ಬರ. "ನೋಡಿ ಸ್ವಾಮಿ, ಒಂದೇ ತೋಟದಲ್ಲಿ ಎರಡು ಬೆಳೆ ತೆಗೆದಿದ್ದೇನೆ" ಎಂದು ಮಿತ್ರರು ನಕ್ಕರು. ಆ ನಗೆಯಲ್ಲಿ ನಗೆಯೇನೂ ಇರಲಿಲ್ಲ. ಹಣ್ಣು ಕೊಳ್ಳುವವರು ಆ ವಾರವೇ ಹಲವು ಕ್ರೇಟುಗಳನ್ನು ಹಿಂದಕ್ಕೆ ಕಳಿಸಿದ್ದರು.

ಅವರು ಮಾಡಿದ ತಪ್ಪಾದರೂ ಏನು? ಹಣ್ಣು ಬಣ್ಣ ತಿರುಗುವ ಹೊತ್ತಿಗೆ ಗೊಂಚಲಿನ ಸುತ್ತಲಿನ ಎಲೆಗಳನ್ನು ಎರಡೂ ಕಡೆಯಿಂದ ಕಿತ್ತುಹಾಕಬೇಕು, ಬಿಸಿಲು ತಗುಲಿದಷ್ಟೂ ಬಣ್ಣ ಚೆನ್ನಾಗಿ ಬರುತ್ತದೆ ಎಂದು ಯಾರೋ ಅವರಿಗೆ ಅಚ್ಚಾದ ಕಾಗದವೊಂದನ್ನು ಕೊಟ್ಟಿದ್ದರು. ಅವರು ಅದರಂತೆಯೇ ನಡೆದರು, ಅಕ್ಷರಶಃ ನಡೆದರು. ಆ ಕಾಗದದಲ್ಲಿದ್ದುದು ಸುಳ್ಳಲ್ಲ. ಅದು ಬೇರೊಂದು ಸೀಮೆಯ ಬಿಸಿಲನ್ನು ಕುರಿತು ಬರೆದದ್ದು, ಅಷ್ಟೆ.

ವೈನ್ ಎಂದೊಡನೆ ಹುಬ್ಬೇರಿಸುವವರು ನಮ್ಮಲ್ಲಿದ್ದಾರೆ. ಕುಡಿತದ ಗುಣದೋಷ ಇಂದಿನ ವಿಷಯವಲ್ಲ. ಆದರೆ 2007ರಲ್ಲಿ ಕರ್ನಾಟಕ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ಹೊರಡಿಸಿದ ಮೇಲೆ ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರ, ವಿಜಯಪುರ, ಬಾಗಲಕೋಟೆಗಳ ಕಡೆಯ ರೈತರು ಹೊಸ ತಳಿಗಳನ್ನು ನಂಬಿ ಸಾಲ ಮಾಡಿದ್ದಾರೆ, ಕಂಬ ನೆಟ್ಟಿದ್ದಾರೆ, ತಂತಿ ಎಳೆದಿದ್ದಾರೆ. ಅವರ ಹಣ್ಣು ಬಿಸಿಲಿಗೆ ಏಕೆ ಸುಡುತ್ತದೆ, ಅದನ್ನು ಕಾಪಾಡುವುದು ಹೇಗೆ ಎಂಬುದು ಸಂಸಾರದ ಪ್ರಶ್ನೆ, ಪಾನದ ಪ್ರಶ್ನೆಯಲ್ಲ.

ಮೊದಲು ಎಲೆಗೂ ಹಣ್ಣಿಗೂ ಇರುವ ಭೇದವನ್ನು ತಿಳಿಯಬೇಕು. ಎಲೆಯ ಅಡಿಮೈಯಲ್ಲಿ ಲಕ್ಷಗಟ್ಟಲೆ ಸೂಕ್ಷ್ಮರಂಧ್ರಗಳಿವೆ. ಅವುಗಳ ಮೂಲಕ ನೀರು ಆವಿಯಾಗಿ ಹೊರಹೋಗುತ್ತಿದ್ದಂತೆ ಎಲೆ ತಂಪಾಗುತ್ತದೆ. ಬೇಸಗೆಯಲ್ಲಿ ಮಣ್ಣಿನ ಹೂಜಿ ಬೆವರಿ ನೀರನ್ನು ತಣ್ಣಗಿಡುವ ಬಗೆಯೇ ಇದು. ಹಣ್ಣಿಗೆ ಈ ಸೌಕರ್ಯವಿಲ್ಲ. ಎಳೆಗಾಯಿಯ ಮೈಯಲ್ಲಿ ಬೆರಳೆಣಿಕೆಯ ರಂಧ್ರಗಳಿದ್ದರೂ ಕಾಯಿ ಬಲಿಯುತ್ತ ಬಂದಂತೆ ಅವು ಕೆಲಸ ನಿಲ್ಲಿಸುತ್ತವೆ. ಮೇಣದ ಪದರ ಮೈಯನ್ನು ಮುಚ್ಚಿಬಿಡುತ್ತದೆ. ಎಲೆ ಮಣ್ಣಿನ ಹೂಜಿಯಾದರೆ ಹಣ್ಣು ಬಿಸಿಲಿನಲ್ಲಿಟ್ಟ ತಾಮ್ರದ ತಂಬಿಗೆ. ಗಾಳಿ ಬೀಸಿದರೆ ಮಾತ್ರ ಅದರ ಕಾವು ಇಳಿಯುತ್ತದೆ. ಗಾಳಿಯಾಡದ ಮಧ್ಯಾಹ್ನ ನೇರ ಬಿಸಿಲಿಗೆ ಒಡ್ಡಿಕೊಂಡ ಹಣ್ಣಿನ ಮೈ ಸುತ್ತಲಿನ ಗಾಳಿಗಿಂತ ಹತ್ತು, ಹನ್ನೆರಡು, ಕೆಲವೊಮ್ಮೆ ಹದಿನೈದು ಡಿಗ್ರಿಗಳಷ್ಟು ಹೆಚ್ಚು ಕಾಯುವುದುಂಟು. ಕಪ್ಪು ಹಣ್ಣು ಬಿಳಿಯ ಹಣ್ಣಿಗಿಂತ ಹೆಚ್ಚು ಕಾಯುತ್ತದೆ. ಒತ್ತೊತ್ತಾಗಿ ಕಿಕ್ಕಿರಿದ ಗೊಂಚಲು, ಬಿಡಿಬಿಡಿಯಾದ ಗೊಂಚಲಿಗಿಂತ ಹೆಚ್ಚು ಕಾಯುತ್ತದೆ.

ಈಗ ಒಂದು ಸಣ್ಣ ಲೆಕ್ಕ. ಪೂರ್ವದ ಗೊಂಚಲಿಗೆ ಬೆಳಗಿನ ಒಂಬತ್ತು ಗಂಟೆಗೆ ಬಿಸಿಲು ಬೀಳುವಾಗ ಗಾಳಿಯ ಉಷ್ಣತೆ 24 ಡಿಗ್ರಿ ಎನ್ನೋಣ. ಅದಕ್ಕೆ ಹನ್ನೆರಡು ಕೂಡಿಸಿದರೆ 36. ಇದು ಹಣ್ಣಿಗೆ ಸಹ್ಯ. ಪಶ್ಚಿಮದ ಗೊಂಚಲಿಗೆ ಮಧ್ಯಾಹ್ನದ ಮೂರು ಗಂಟೆಗೆ ಅಷ್ಟೇ ಬಿಸಿಲು ಬೀಳುವಾಗ ಗಾಳಿಯ ಉಷ್ಣತೆ 34. ಹನ್ನೆರಡು ಕೂಡಿಸಿದರೆ 46. ದ್ರಾಕ್ಷಿಯ ಸಿಪ್ಪೆ ಬೇಯಲಾರಂಭಿಸುವುದು ಸರಿಸುಮಾರು ಇಲ್ಲಿಯೇ. ಬಿಸಿಲಿನ ಪ್ರಖರತೆ ಎರಡೂ ಹೊತ್ತಿನಲ್ಲಿ ಹೆಚ್ಚುಕಡಮೆ ಸಮ. ಬಿಸಿಲೂ ಬಿಸಿಗಾಳಿಯೂ ಒಂದೇ ಹೊತ್ತಿನಲ್ಲಿ ಕೈಜೋಡಿಸುವುದೇ ಅಪರಾಹ್ನದ ಕೇಡು. ನನ್ನ ಮಿತ್ರರ ತೋಟದ ಎರಡು ಮುಖಗಳ ರಹಸ್ಯ ಇಷ್ಟೇ.

ಸುಟ್ಟ ಹಣ್ಣು ಎಲ್ಲ ಹಂತದಲ್ಲಿಯೂ ಒಂದೇ ಬಗೆಯಾಗಿ ಕಾಣುವುದಿಲ್ಲ. ಬಟಾಣಿ ಗಾತ್ರದ ಎಳೆಗಾಯಿ ಸುಟ್ಟರೆ ಕಪ್ಪಾಗಿ ಒಣಗಿ ಉದುರಿಹೋಗುತ್ತದೆ. ಬಲಿತ ಬಿಳಿಯ ತಳಿಗಳಲ್ಲಿ ಬಿಸಿಲಿಗೆ ಮುಖವಿಟ್ಟ ಮಗ್ಗುಲಷ್ಟೇ ಹಳದಿಯಾಗಿ, ಅನಂತರ ಚಹದ ಕಲೆಯಂತೆ ಕಂದುಬಣ್ಣಕ್ಕೆ ತಿರುಗುತ್ತದೆ. ಕಪ್ಪು ತಳಿಗಳಲ್ಲಿ ಹಾನಿ ಹೆಚ್ಚು ಗುಪ್ತವಾದದ್ದು. ಸಿಪ್ಪೆಗೆ ಕಪ್ಪು ಕೆಂಪು ಬಣ್ಣ ಕೊಡುವ ವರ್ಣದ್ರವ್ಯದ ತಯಾರಿ ಸುಮಾರು 35 ಡಿಗ್ರಿ ದಾಟಿದ ಮೇಲೆ ಕುಂಠಿತವಾಗುತ್ತದೆ. ಆಗಲೇ ಕೂಡಿಟ್ಟ ಬಣ್ಣವೂ ಕರಗಲು ತೊಡಗುತ್ತದೆ. ಬಣ್ಣ ಬರಲೆಂದು ಎಲೆ ಕಿತ್ತವರಿಗೆ ಬಣ್ಣವೇ ಕೈಕೊಡುತ್ತದೆ. ಜೊತೆಗೆ, ವೈನಿಗೆ ತಾಜಾತನ ಕೊಡುವ ಹುಳಿಯಲ್ಲಿ ಮ್ಯಾಲಿಕ್ ಆಮ್ಲವೆಂಬುದೊಂದಿದೆ; ಕಾವು ಏರಿದಂತೆ ಹಣ್ಣು ಅದನ್ನು ಉಸಿರಾಟದಲ್ಲಿ ಖರ್ಚು ಮಾಡಿಬಿಡುತ್ತದೆ. ಉಳಿಯುವುದು ಸಕ್ಕರೆ ಮತ್ತು ಸಿಪ್ಪೆಯ ಕಹಿ. ಅಂಥ ಹಣ್ಣಿನ ರಸದಲ್ಲಿ ಬೇಯಿಸಿದ ಹಣ್ಣಿನ ವಾಸನೆ ಇರುತ್ತದೆಂದು ರುಚಿ ಬಲ್ಲವರು ಹೇಳುತ್ತಾರೆ. ತಿನ್ನುವ ದ್ರಾಕ್ಷಿಯಾದರೆ ಸುಟ್ಟ ಕಾಳನ್ನು ಕತ್ತರಿಯಿಂದ ಕತ್ತರಿಸಿ ತೆಗೆಯಬಹುದು. ತೊಟ್ಟಿಗೆ ಬಿದ್ದ ಹಣ್ಣಿನಲ್ಲಿ ಒಂದರ ದೋಷ ನೂರಕ್ಕೆ ಹರಡುತ್ತದೆ.

ಹಾಗಾದರೆ ಎಲೆ ಕೀಳುವ ಉಪದೇಶ ಹುಟ್ಟಿದ್ದೆಲ್ಲಿ? ರೈನ್ ನದಿಯ ದಂಡೆಯಂಥ ತಂಪು ಸೀಮೆಗಳಲ್ಲಿ ದ್ರಾಕ್ಷಿ ಪಕ್ವವಾಗುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಆ ಹೊತ್ತಿಗೆ ಅಲ್ಲಿ ಸೂರ್ಯ ದಕ್ಷಿಣಕ್ಕೆ ಜಾರಿ, ಬಿಸಿಲು ಓರೆಯಾಗಿ, ಇದ್ದೂ ಇಲ್ಲದಂತಿರುತ್ತದೆ. ಅಲ್ಲಿ ಬಿಸಿಲೊಂದು ಸಂಪತ್ತು. ಅದನ್ನು ಹಣ್ಣಿನ ಮೇಲೆ ಎಷ್ಟು ಚೆಲ್ಲಿದರೂ ಸಾಲದು. ಆಸ್ಟ್ರೇಲಿಯದ ವಿಜ್ಞಾನಿ ರಿಚರ್ಡ್ ಸ್ಮಾರ್ಟ್ 1980ರ ದಶಕದಲ್ಲಿ ನ್ಯೂಜಿಲೆಂಡಿನಲ್ಲಿದ್ದುಕೊಂಡು, ದಟ್ಟ ಎಲೆಗಳ ಕತ್ತಲೆಯಲ್ಲಿ ಬೆಳೆದ ಹಣ್ಣು ಹೇಗೆ ಹಸುರುವಾಸನೆ ಹೊತ್ತು ರೋಗಕ್ಕೆ ತುತ್ತಾಗುತ್ತದೆ ಎಂಬುದನ್ನು ತೋರಿಸಿಕೊಟ್ಟರು. 1991ರಲ್ಲಿ ಅವರೂ ಮೈಕ್ ರಾಬಿನ್ಸನ್ನರೂ ಸೇರಿ ಬರೆದ 'ಸನ್‌ಲೈಟ್ ಇನ್‌ಟು ವೈನ್' ಎಂಬ ಕೈಪಿಡಿ ಜಗತ್ತಿನ ದ್ರಾಕ್ಷಿ ಬೆಳೆಗಾರರ ಮನೆಗಳನ್ನು ಸೇರಿತು. ಎಲೆದಟ್ಟಣೆಯನ್ನು ತೆಳುಗೊಳಿಸಿ, ಬೆಳಕನ್ನು ಒಳಗೆ ಬಿಡಿ ಎಂಬುದು ಅದರ ಸಾರ. ಸ್ವಾರಸ್ಯವೇನೆಂದರೆ, ಬಿಸಿಲಿಗೊಡ್ಡಿದ ದ್ರಾಕ್ಷಿಯ ಕಾಳು ಗಾಳಿಗಿಂತ ಎಷ್ಟು ಹೆಚ್ಚು ಕಾಯುತ್ತದೆಂದು 1976ರಷ್ಟು ಹಿಂದೆಯೇ, ಮತ್ತೊಬ್ಬ ವಿಜ್ಞಾನಿಯೊಡನೆ ಲೆಕ್ಕ ಹಾಕಿ ಪ್ರಕಟಿಸಿದವರೂ ಇದೇ ಸ್ಮಾರ್ಟ್. ಅವರ ಎರಡನೆಯ ಮಾತು ಊರೂರು ತಿರುಗಿತು. ಮೊದಲನೆಯ ಮಾತು ಗ್ರಂಥಾಲಯದಲ್ಲಿಯೇ ಉಳಿಯಿತು. ಉಪದೇಶಗಳ ಹಣೆಬರಹವೇ ಹಾಗೆಂದು ಕಾಣುತ್ತದೆ.

ಮರೆತ ಮಾತನ್ನು ಹವೆಯೇ ನೆನಪಿಸಿತು. 2009ರ ಜನವರಿ ಕೊನೆಯಲ್ಲಿ ಆಗ್ನೇಯ ಆಸ್ಟ್ರೇಲಿಯಕ್ಕೆ ಬಿಸಿಗಾಳಿ ಹೊಕ್ಕಿತು. ಜನವರಿ 28ರಂದು ಅಡಿಲೇಡಿನಲ್ಲಿ 45.7 ಡಿಗ್ರಿ, ಫೆಬ್ರವರಿ 7ರಂದು ಮೆಲ್ಬರ್ನಿನಲ್ಲಿ 46.4. ಕಾಳ್ಗಿಚ್ಚಿನಲ್ಲಿ ಜನರೇ ಸತ್ತ ದಿನ ಅದು. ದ್ರಾಕ್ಷಿಯ ಮಾತು ಆ ಹೊತ್ತಿಗೆ ಸಣ್ಣದು. ಆದರೂ ಆ ಬೇಸಗೆಯ ಅನಂತರ ಅಲ್ಲಿನ ಸಂಶೋಧಕರು ಬೆಳೆಗಾರರನ್ನು ವಿಚಾರಿಸಿ ತಿಳಿದ ಸಂಗತಿಗಳು ನಮಗೆ ಉಪಯುಕ್ತ. ಬಿಸಿಗಾಳಿ ಬರುವ ಮುನ್ನವೇ ನೆಲವನ್ನು ತೋಯಿಸಿದ್ದವರು ಉಳಿದವರಿಗಿಂತ ಸುಖವಾಗಿದ್ದರು. ಗೊಂಚಲಿನ ಮೇಲೆ ಎಲೆಯ ಹೊದಿಕೆ ಉಳಿಸಿಕೊಂಡಿದ್ದವರಿಗೆ ಹಾನಿ ಕಡಮೆ. ಹತ್ತು ವರ್ಷದ ಮೇಲೆ ಫ್ರಾನ್ಸಿನ ಸರದಿ. 2019ರ ಜೂನ್ 28ರಂದು ದಕ್ಷಿಣ ಫ್ರಾನ್ಸಿನ ಏರೋ ಜಿಲ್ಲೆಯ ವೆರಾರ್ಗ್ ಎಂಬ ಹಳ್ಳಿಯಲ್ಲಿ ಉಷ್ಣಮಾಪಕ 46 ಡಿಗ್ರಿ ಮುಟ್ಟಿತು. ಆ ದೇಶದಲ್ಲಿ ಅದಕ್ಕೆ ಮೊದಲಿನ ದಾಖಲೆ 2003ರ 44.1. ಏರೋ ಮತ್ತು ಗಾರ್ ಜಿಲ್ಲೆಗಳ ಎಷ್ಟೋ ತೋಟಗಳಲ್ಲಿ ಬೆಳಗ್ಗೆ ಹಸುರಾಗಿದ್ದ ಎಲೆಯೂ ಎಳೆಗಾಯಿಯೂ ಸಂಜೆಯ ಹೊತ್ತಿಗೆ ಬೆಂಕಿ ತಗುಲಿದಂತೆ ಸೀದುಹೋಗಿದ್ದವು. ಶತಮಾನಗಳಿಂದ ದ್ರಾಕ್ಷಿ ಬೆಳೆದ ಸೀಮೆ ಅದು. ಅನುಭವದ ಕೊರತೆಯಿಂದ ಆದದ್ದೆಂದು ಯಾರೂ ಹೇಳಲಾರರು.

ರಕ್ಷಣೆಯ ಉಪಾಯಗಳಿಗೆ ಬರೋಣ. ಇವುಗಳಲ್ಲಿ ಖರ್ಚಿಲ್ಲದ್ದೂ ಎಲ್ಲಕ್ಕಿಂತ ಮೇಲಾದದ್ದೂ ಎಲೆ. ಪೂರ್ವದ ಮಗ್ಗುಲಲ್ಲಿ ಗೊಂಚಲಿನ ಬಳಿಯ ಕೆಲವು ಎಲೆಗಳನ್ನು ತೆಗೆದರೆ ಅಡ್ಡಿಯಿಲ್ಲ. ಬೆಳಗಿನ ಬಿಸಿಲು ಬಣ್ಣ ಕೊಡುತ್ತದೆ, ಇಬ್ಬನಿಯನ್ನು ಬೇಗ ಆರಿಸುತ್ತದೆ, ಬೂದಿರೋಗಕ್ಕೆ ಹೊಡೆಯುವ ಔಷಧಿ ಒಳಕ್ಕೆ ತಲಪುತ್ತದೆ. ಪಶ್ಚಿಮದ ಮಗ್ಗುಲಿನ ಎಲೆಯನ್ನು ಮುಟ್ಟಬಾರದು. ಅಷ್ಟೇ ಅಲ್ಲ, ಆ ಕಡೆಯ ಕುಡಿಗಳನ್ನು ತಂತಿಗಳ ನಡುವೆ ಬಿಗಿಯಾಗಿ ಸಿಕ್ಕಿಸದೆ ಸಡಿಲಬಿಟ್ಟರೆ ಅವು ಬಾಗಿ, ಜಗಲಿಯ ಮೇಲೆ ಇಳಿದ ಸೂರಿನಂತೆ ಗೊಂಚಲಿಗೆ ನೆರಳಾಗುತ್ತವೆ.

ಎಲೆ ತೆಗೆಯುವುದೇ ಆದರೆ ಯಾವಾಗ ಎಂಬುದೂ ಮುಖ್ಯ. ದಿನವೂ ಹೊಲದಲ್ಲಿ ಗೇಯುವವನ ಬೆನ್ನು ಬಿಸಿಲಿಗೆ ಹದಗೊಂಡಿರುತ್ತದೆ. ವರ್ಷವೆಲ್ಲ ಕಚೇರಿಯ ಫ್ಯಾನಿನಡಿ ಕೂತವನು ಒಂದು ದಿನ ಅಂಗಿ ಬಿಚ್ಚಿ ನಿಂತರೆ ಸಂಜೆಗೆ ಚರ್ಮ ಸುಲಿಯುತ್ತದೆ. ದ್ರಾಕ್ಷಿಗೂ ಹೀಗೆಯೇ. ಕಾಯಿ ಕಟ್ಟಿದ ಹೊಸದರಲ್ಲಿಯೇ ಬೆಳಕು ಕಂಡ ಕಾಯಿ ತನ್ನ ಸಿಪ್ಪೆಯಲ್ಲಿ ಕ್ವೆರ್ಸೆಟಿನ್ ಮೊದಲಾದ ದ್ರವ್ಯಗಳನ್ನು ತಯಾರಿಸಿಕೊಂಡು ಬಿಸಿಲಿನ ಅತಿನೇರಳೆ ಕಿರಣವನ್ನು ತಡೆಯಲು ಸಿದ್ಧವಾಗುತ್ತದೆ. ಎರಡು ತಿಂಗಳು ನೆರಳಿನಲ್ಲಿ ಬೆಳೆದು, ಬಣ್ಣ ತಿರುಗುವ ವಾರದಲ್ಲಿ ಒಮ್ಮೆಲೇ ಬಯಲಿಗೆ ಬಿದ್ದ ಕಾಯಿಗೆ ಆ ಸಿದ್ಧತೆ ಇರುವುದಿಲ್ಲ. ನನ್ನ ಮಿತ್ರರ ತೋಟದಲ್ಲಿ ಆದದ್ದು ಇದು. ಕಾಗದದಲ್ಲಿದ್ದ ಸಲಹೆಗಿಂತ ಅದರ ಮುಹೂರ್ತವೇ ಹೆಚ್ಚು ಕೆಟ್ಟದ್ದು.

ನಮ್ಮ ಹಿರಿಯರು ಬೆಂಗಳೂರು ನೀಲಿ ದ್ರಾಕ್ಷಿಯನ್ನು ಚಪ್ಪರದ ಮೇಲೆ ಹಬ್ಬಿಸಿದರು. ಎಲೆಯ ಛಾವಣಿ ಮೇಲೆ, ಗೊಂಚಲು ಕೆಳಗೆ. ನಡುಹಗಲಿನಲ್ಲಿಯೂ ಚಪ್ಪರದಡಿ ತಂಪು. ಆ ತೋಟಗಳಲ್ಲಿ ಹಣ್ಣು ಸುಟ್ಟಿತೆಂಬ ದೂರು ಅಪರೂಪ. ವೈನ್ ತಳಿಗಳ ಜೊತೆಯಲ್ಲಿ ಪಶ್ಚಿಮದಿಂದ ಬಂದದ್ದು ತಂತಿಯ ಮೇಲೆ ಗೋಡೆಯಂತೆ ನೆಟ್ಟಗೆ ನಿಲ್ಲಿಸುವ ಪದ್ಧತಿ. ಚಪ್ಪರವೇ ಸರ್ವಶ್ರೇಷ್ಠವೆಂದು ನಾನು ವಾದಿಸಲಾರೆ: ಅಲ್ಲಿ ನೆರಳು ಅತಿಯಾದರೆ ಬಣ್ಣ ಬಾರದು, ತೇವ ಕಟ್ಟಿ ರೋಗ ಹೆಚ್ಚುತ್ತದೆ, ಇಳುವರಿ ಏರಿದಷ್ಟೂ ರಸ ತೆಳುವಾಗುತ್ತದೆ. ಆದರೆ ಬಿಸಿಲ ಸೀಮೆಯ ಜನ ಎಲ್ಲೆಲ್ಲಿಯೂ ಇಂಥ ಯುಕ್ತಿಯನ್ನೇ ಕಂಡುಕೊಂಡರು ಎಂಬುದು ಗಮನಾರ್ಹ. ದಕ್ಷಿಣ ಫ್ರಾನ್ಸಿನ ಹಳೆಯ ತೋಟಗಳಲ್ಲಿ ಬಳ್ಳಿಯನ್ನು ತಂತಿಗೆ ಕಟ್ಟದೆ, ಗಿಡ್ಡ ಪೊದೆಯಾಗಿ ಬೆಳೆಸಿ, ಸುತ್ತ ಇಳಿಬಿದ್ದ ಕುಡಿಗಳ ನೆರಳಲ್ಲಿ ಹಣ್ಣನ್ನು ಇರಿಸುತ್ತಾರೆ. ಗ್ರೀಸಿನ ಸ್ಯಾಂಟೊರಿನಿ ದ್ವೀಪದಲ್ಲಿ ಬಳ್ಳಿಯನ್ನು ನೆಲದ ಮೇಲೆ ಬುಟ್ಟಿಯಂತೆ ಸುತ್ತಿ ಹೆಣೆಯುತ್ತಾರೆ. ಗೊಂಚಲು ಬುಟ್ಟಿಯೊಳಗೆ, ಸಮುದ್ರದ ಗಾಳಿಗೂ ಬಿಸಿಲಿಗೂ ಮರೆಯಾಗಿ ಬೆಳೆಯುತ್ತದೆ.

ಎಲೆಯನ್ನು ನಂಬಿದ ಮೇಲೆ ಎಲೆಗೆ ನೀರು ಕೊಡಬೇಕು. ಬಾಯಾರಿದ ಬಳ್ಳಿ ಎಲೆಯ ರಂಧ್ರಗಳನ್ನು ಮುಚ್ಚಿಕೊಳ್ಳುತ್ತದೆ. ಹೂಜಿ ಬೆವರುವುದು ನಿಲ್ಲುತ್ತದೆ. ಎಲೆ ಕಾದು, ಮುದುಡಿ, ಬುಡದ ಎಲೆಗಳು ಮೊದಲು ಹಳದಿಯಾಗಿ ಉದುರುತ್ತವೆ. ಗೊಂಚಲನ್ನು ಮರೆಮಾಡಿರುವುದು ಆ ಬುಡದ ಎಲೆಗಳೇ. ವೈನ್ ಬೆಳೆಗಾರರಲ್ಲಿ, ಕಾಳು ಚಿಕ್ಕದಾಗಿ ರಸ ಗಟ್ಟಿಯಾಗಲೆಂದು ಬಳ್ಳಿಯನ್ನು ಬೇಕೆಂದೇ ಬಾಯಾರಿಸುವ ರೂಢಿಯಿದೆ. ಹವಾಮಾನದವರು ಬಿಸಿಗಾಳಿಯ ಮುನ್ಸೂಚನೆ ಕೊಟ್ಟ ದಿನ ಆ ವ್ರತವನ್ನು ಮುರಿದು, ಒಂದೆರಡು ದಿನ ಮೊದಲೇ ಹನಿ ನೀರಾವರಿಯಲ್ಲಿ ಬೇರಿನ ಆಳಕ್ಕೆ ನೀರು ಇಳಿಸಬೇಕು. ಎಲೆ ಬಾಡಿದ ಮೇಲೆ ಮಧ್ಯಾಹ್ನ ಮೋಟಾರು ಹಾಕಿದರೆ ಪ್ರಯೋಜನ ಅಲ್ಪ. ತೋಟದ ಮೇಲೆ ಮಂಜಿನಂತೆ ನೀರು ಸಿಂಪಡಿಸಿ ತಂಪುಮಾಡುವ ಯಂತ್ರಗಳೂ ಉಂಟು. ಸಾವಿರ ಅಡಿ ಕೊರೆದರೂ ನೀರು ಕಾಣದ ಕೊಳವೆಬಾವಿಗಳ ನಾಡಿನಲ್ಲಿ ಅವುಗಳ ಮಾತನ್ನು ಬೆಳೆಸದಿರುವುದೇ ಲೇಸು.

ಇನ್ನೊಂದು ಉಪಾಯ ಬಿಳಿಯ ಜೇಡಿ. ಬೇಸಗೆಯಲ್ಲಿ ತಾರಸಿಗೆ ಸುಣ್ಣ ಬಳಿದರೆ ಮನೆ ತಂಪಾಗುವುದನ್ನು ನಾವೆಲ್ಲ ಬಲ್ಲೆವು. ಕೇಯೋಲಿನ್ ಎಂಬ ನಯವಾದ ಬಿಳಿಮಣ್ಣನ್ನು ನೀರಿನಲ್ಲಿ ಕಲಸಿ ಸಿಂಪಡಿಸಿದರೆ ಎಲೆಯ ಮೇಲೂ ಹಣ್ಣಿನ ಮೇಲೂ ತೆಳುವಾದ ಪೊರೆ ಕಟ್ಟಿ, ಬಿಸಿಲಿನ ಒಂದು ಪಾಲನ್ನು ಹಿಂದಕ್ಕೆ ಚಿಮ್ಮಿಸುತ್ತದೆ. ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿಗಳು 1990ರ ದಶಕದಲ್ಲಿ ಹಣ್ಣಿನ ತೋಟಗಳಿಗಾಗಿ ಇದನ್ನು ರೂಪಿಸಿದರು. ನೂರು ಲೀಟರು ನೀರಿಗೆ ಸುಮಾರು 3ರಿಂದ 6 ಕಿಲೋ ಹಿಡಿಯುತ್ತದೆ. ಹಣ್ಣಿನ ಕಾವು ಕೆಲವೇ ಡಿಗ್ರಿ ಇಳಿಯುವುದೆಂದು ಹಗುರಾಗಿ ಕಾಣಬೇಕಾಗಿಲ್ಲ. 46ಕ್ಕೂ 42ಕ್ಕೂ ನಡುವೆ ಇರುವುದು ಒಂದು ವರ್ಷದ ಫಸಲು. ಸುಡುವ ಮೊದಲು ಹೊಡೆಯಬೇಕು, ಮಳೆ ಬಂದರೆ ಮತ್ತೆ ಹೊಡೆಯಬೇಕು. ಮನೆಯ ಸುಣ್ಣವನ್ನೇ ಕಲಸಿ ಹೊಡೆಯುವ ಸಾಹಸ ಬೇಡ. ಅದರ ಕ್ಷಾರ ಎಲೆಯನ್ನೇ ಸುಟ್ಟೀತು. ಬೂದಿರೋಗಕ್ಕೆಂದು ಹೊಡೆಯುವ ಗಂಧಕದ ವಿಷಯದಲ್ಲಿಯೂ ಇದೇ ಎಚ್ಚರ ಬೇಕು. ಮೂವತ್ತು ಡಿಗ್ರಿ ದಾಟುವ ದಿನಗಳಲ್ಲಿ ಗಂಧಕ ತಾನೇ ಬೆಂಕಿಯಾಗಬಲ್ಲದು.

ನೆರಳುಬಲೆ ಖಚಿತವಾದ ಉಪಾಯ; ಆದರೆ ದುಬಾರಿ. ಇಡೀ ತೋಟಕ್ಕೆ ಹೊದಿಸಬೇಕಾಗಿಲ್ಲ. ಗೊಂಚಲುಗಳ ಎತ್ತರಕ್ಕೆ ಸರಿಯಾಗಿ, ಪಶ್ಚಿಮದ ಮಗ್ಗುಲಿಗಷ್ಟೇ, ಮೊಳವೆರಡು ಮೊಳ ಅಗಲದ ಪಟ್ಟಿ ಕಟ್ಟಿದರೆ ಸಾಕು. ದಾಳಿಂಬೆ ಬೆಳೆಯುವ ಬಯಲುಸೀಮೆಯ ರೈತರು ಹಳೆಯ ಸೀರೆಗಳನ್ನು ಕೊಂಡುತಂದು ಗಿಡಗಳಿಗೆ ಹೊದಿಸುವುದನ್ನು ನೋಡಿದ್ದೇನೆ. ಹೂಬಳ್ಳಿಯ ಅಂಚಿನ ಸೀರೆ ಹೊದ್ದು ನಿಂತ ದಾಳಿಂಬೆ ತೋಟ ದೂರಕ್ಕೆ ಜಾತ್ರೆಯಂತೆ ಕಾಣುತ್ತದೆ. ಮಹಾರಾಷ್ಟ್ರದಲ್ಲಿ ತಿನ್ನುವ ದ್ರಾಕ್ಷಿಯ ಗೊಂಚಲಿಗೆ ಹಳೆಯ ವೃತ್ತಪತ್ರಿಕೆ ಸುತ್ತುವ ರೂಢಿಯೂ ಇದೆ. ಬೆಲೆ ಕಡಮೆಯಾದ ವೈನ್ ಹಣ್ಣಿಗೆ ಅಷ್ಟು ಕೂಲಿ ಗಿಟ್ಟದು.

ವಿಜಯಪುರದ ಕಡೆಯ ಕೇಳುಗರಿಗೆ ಒಂದು ಮಾತು. ಅಲ್ಲಿ ಬಳ್ಳಿಗೆ ವರ್ಷಕ್ಕೆ ಎರಡು ಚಾಟ್ನಿ: ಏಪ್ರಿಲಿನಲ್ಲೊಂದು, ಅಕ್ಟೋಬರಿನಲ್ಲೊಂದು. ಏಪ್ರಿಲ್ ಚಾಟ್ನಿಯಾದಾಗ ನಲವತ್ತು ಡಿಗ್ರಿಯ ಬಿಸಿಲಿನಲ್ಲಿ ಬಳ್ಳಿ ಒಂದೂ ಎಲೆಯಿಲ್ಲದೆ ಬತ್ತಲೆ ನಿಂತಿರುತ್ತದೆ. ಸುಡಲು ಆಗ ಹಣ್ಣಿಲ್ಲ ನಿಜ, ಆದರೆ ಹಣ್ಣು ಹೊರಬೇಕಾದ ತೋಳುಗಳ ತೊಗಟೆಯೇ ಬಿಸಿಲಿಗೆ ಬಿರಿಯುತ್ತದೆ. ಹೊಸ ಕುಡಿಗಳಲ್ಲಿ ಕೆಲವನ್ನು ಆ ತೋಳಿನ ಮೇಲೆಯೇ ಹಾಯಿಸಿ ನೆರಳು ಮಾಡುವ ಜಾಣರು ಅಲ್ಲಿದ್ದಾರೆ.

ನನ್ನ ಮಿತ್ರರ ಮುಂದಿನ ಕಥೆಯನ್ನು ಹೇಳಬೇಕಲ್ಲ. ಮರುವರ್ಷ ಅವರು ಕಾಯಿ ಕಟ್ಟಿದ ಹತ್ತು ದಿನಕ್ಕೇ ಪೂರ್ವದ ಎಲೆಗಳನ್ನು ತೆಳುಗೊಳಿಸಿದರು, ಪಶ್ಚಿಮವನ್ನು ಮುಟ್ಟಲಿಲ್ಲ. ಮಾರ್ಚಿನಲ್ಲಿ ನಾನು ಹೋದಾಗ ಪಶ್ಚಿಮದ ಗೊಂಚಲನ್ನು ನೋಡಬೇಕಾದರೆ ಕೈಯಿಂದ ಎಲೆ ಸರಿಸಬೇಕಾಯಿತು. ಹಣ್ಣು ಸುಟ್ಟಿರಲಿಲ್ಲ. ಎರಡು ಸಾಲಿನಲ್ಲಿ ಎಲೆ ಅತಿಯಾಗಿ ಬೂದಿರೋಗ ತಗುಲಿತ್ತು. ಅದನ್ನು ಅವರು ಮುಚ್ಚಿಡಲಿಲ್ಲ. ಅದಕ್ಕೂ ಹಿಂದಿನ ತಿಂಗಳು, ಫೆಬ್ರವರಿಯಲ್ಲಿ, ಪಕ್ಕದ ಅರ್ಧ ಎಕರೆಯಲ್ಲಿ ಹೊಸ ಬಳ್ಳಿ ನೆಡಲು ಸಾಲು ಗುರುತಿಸುವಾಗ ನನ್ನನ್ನು ಕರೆದಿದ್ದರು. ಹಳೆಯ ಸಾಲುಗಳಂತೆ ಉತ್ತರ ದಕ್ಷಿಣಕ್ಕೆ ಹಗ್ಗ ಹಿಡಿಯಲಿಲ್ಲ. ಬಯಲಿನ ನಡುವೆ ಆಳೆತ್ತರದ ಒಂದು ಕೋಲು ನೆಟ್ಟು, ನೆರಳಿಗೆ ಕೂತು ಕಾದರು. ಮೂರು ಗಂಟೆಗೆ ಕೋಲಿನ ನೆರಳು ಈಶಾನ್ಯಕ್ಕೆ ಚಾಚಿತು. ದಿನದ ಅತಿ ಕಠಿಣ ಹೊತ್ತಿನಲ್ಲಿ ಸೂರ್ಯ ಸಾಲಿನ ಮಗ್ಗುಲಿಗೆ ಹೊಡೆಯದೆ ಸಾಲಿನ ಉದ್ದಕ್ಕೇ ಹಾಯಬೇಕು, ಬಳ್ಳಿಯ ನೆರಳು ಬಳ್ಳಿಯ ಮೇಲೆಯೇ ಬೀಳಬೇಕು ಎಂಬುದು ಅವರ ಲೆಕ್ಕ. ಆ ನೆರಳಿನ ಗೆರೆಯ ಮೇಲೆಯೇ ಹಗ್ಗ ಎಳೆದು ಎರಡೂ ತುದಿಗೆ ಗೂಟ ಹೊಡೆದಾಗ ಗಂಟೆ ಮೂರೂಕಾಲು.